ಎರಡೂ ಕಡೆ ಕುಳಿತ ಅಧ್ಯಕ್ಷರು

ಹಾನಗಲ್ಲಿನ ಹೊರಗೆ, ಆಡೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಮಾವಿನ ರಸದ ಕಾರ್ಖಾನೆ ಇತ್ತು. ಅಲ್ಲಿ ನಾನು ಆಫೀಸು ನೋಡಿಕೊಳ್ಳುತ್ತಿದ್ದೆ. ಹಾಜರಿ, ರಜೆ, ಜಗಳ ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತಿದ್ದವು. ಹಣ್ಣಿನ ದಿನಗಳಲ್ಲಿ ಗೇಟಿನಾಚೆ ಆಪೂಸಿನ ಗಾಡಿಗಳು ಸಾಲುಗಟ್ಟಿದವೆಂದರೆ ನೊಣಗಳು ನನ್ನ ಜೊತೆ ಬಸ್ಸು ಹತ್ತಿ ಮನೆತನಕ ಬರುತ್ತಿದ್ದವು.

ಹಿಂದೊಮ್ಮೆ ಮುಷ್ಕರವಾದಾಗ ನಮ್ಮ ಸಾವ್ಕಾರರು ಕಾರ್ಮಿಕರ ಸಂಘದ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಸಂಘದಲ್ಲಿ ಇದ್ದವರಿಗಷ್ಟೇ ಕಾರ್ಖಾನೆಯಲ್ಲಿ ಕೆಲಸ. ಯಾರಾದರೂ ಸಂಘ ಬಿಟ್ಟರೆ ಸಾವ್ಕಾರರು ಅವರನ್ನು ಕೆಲಸದಿಂದಲೂ ಬಿಡಿಸಬೇಕು. ಯಾರೂ ಬಿಡುವವರಿಲ್ಲದ್ದರಿಂದ ಆ ಕರಾರು ಹಾಯಾಗಿ ಮಲಗಿತ್ತು. ಅದನ್ನು ಎಬ್ಬಿಸಿದ್ದು ವೀಳ್ಯದೆಲೆ.

ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಸವಣೂರಿನವರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ದಿನವೂ ಒದ್ದೆ ಬಟ್ಟೆಯಲ್ಲಿ ಸವಣೂರಿನ ಎಲೆ ಸುತ್ತಿಕೊಂಡು ಬರುತ್ತಿದ್ದರು. ನವಾಬರೇ ಕೈಯಾರೆ ಕೊಯ್ದು ಕಳಿಸಿದ್ದಾರೇನೋ ಎನ್ನುವ ಹಾಗೆ ಅದನ್ನು ಬಿಚ್ಚುತ್ತಿದ್ದರು. ಸಂಘದ ಅಧ್ಯಕ್ಷರು ಹಿರೇಕೆರೂರು ಕಡೆಯವರು, ಹಣ್ಣು ತೊಳೆಯುವ ವಿಭಾಗದಲ್ಲಿದ್ದರು. ಸಂಘದ ನಿಯಮಗಳನ್ನೆಲ್ಲ ತಾವೇ ಬರೆದು, ಪ್ರತಿ ಸಭೆಯಲ್ಲೂ ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದರು. ಜನ ಊಟಕ್ಕಾಗಿ ಅದನ್ನು ಸಹಿಸಿಕೊಳ್ಳುತ್ತಿದ್ದರು.

ಆ ವರ್ಷದ ಸಭೆಯ ಊಟವಾದ ಮೇಲೆ ಅಧ್ಯಕ್ಷರು ತಮ್ಮ ಹೆಂಡತಿಯ ತವರಿನ ತೋಟದ ಎಲೆ ಹಂಚಿದರು. ಚಾಚಾ ಒಂದನ್ನು ಬಾಯಿಗಿಟ್ಟು, ಎರಡು ಸಲ ಅಗಿದು, ಹೊರಗೆ ಹೋಗಿ ಉಗಿದು ಬಂದರು.

"ಇದು ಎಲಿ ಅಲ್ರಿ ಅಧ್ಯಕ್ಷರ. ಆಡು ತಿನ್ನೂ ತಪ್ಪಲ."

ಹೆಂಡತಿಯ ತವರಿನ ಮಾತು ಬಂದ ಮೇಲೆ ಅಧ್ಯಕ್ಷರು ಸುಮ್ಮನಿರುವುದುಂಟೆ? ಸಂಘದ ಎಲೆ ನುಂಗಲು ಆಗದವನು ಸಂಘದಲ್ಲಿ ಯಾಕಿರಬೇಕು ಎಂದರು. ಹಾಗಾದರೆ ಇವತ್ತಿನಿಂದಲೇ ಬಿಟ್ಟೆ ಎಂದು ಚಾಚಾ ಟವೆಲ್ ಕೊಡವಿ ಎದ್ದು ಹೋದರು.

ಮರುದಿನ ಅಧ್ಯಕ್ಷರು ಸಾವ್ಕಾರರ ಮುಂದೆ ನಿಂತಿದ್ದರು. ಕರಾರಿನ ಪ್ರಕಾರ ಚಾಚಾನನ್ನು ತೆಗೆಯಬೇಕು, ಇಲ್ಲದಿದ್ದರೆ ಹಣ್ಣು ತೊಳೆಯುವುದು ಬಂದ್. ಗೇಟಿನ ಹೊರಗಿನ ಗಾಡಿಗಳನ್ನು ನೋಡಿ ಸಾವ್ಕಾರರು ಕೂಡಲೇ ಒಪ್ಪಿದರು. ಬಾಯ್ಲರ್ ಯಾರು ಹಚ್ಚುತ್ತಾರೆ ಎಂದು ನಾನು ಕೇಳಿದೆ. ಅದನ್ನು ಅವರು ಯೋಚಿಸಿರಲಿಲ್ಲ. ತಲೆ ಕೆರೆದುಕೊಳ್ಳುತ್ತ ಹಾವೇರಿಯ ವಕೀಲರಿಗೆ ಫೋನ್ ಮಾಡಿದರು.

"ಒಪ್ಪಂದ ಇದ್ರ ಇರ್ಲಿ," ಎಂದರು ವಕೀಲರು. "ಏನು ತಪ್ಪು ಅಂತ ಬರದು ತಿಳಸ್ರಿ. ಅವರ ಮಾತು ಕೇಳ್ರಿ. ಅವರ ಪರ ಮಾತಾಡಾಕ ಅವರ ಜೋಡಿ ಕೆಲಸ ಮಾಡೋರೊಳಗ ಒಬ್ಬರನ್ನ ಕೊಡ್ರಿ. ಆಮ್ಯಾಲ ತಗಿಯೂದು ಬಿಡೂದು."

ಹೀಗೆ ನಾನು ವಿಚಾರಣಾಧಿಕಾರಿಯಾದೆ. ನೋಟಿಸು ಬರೆದು ಚಾಚಾನ ಕೈಗೆ ಕೊಟ್ಟೆ. ಅವರು ಪೂರ್ತಿ ಓದಿ, ಎಲೆಯ ವಿಷಯ ಇದರಲ್ಲಿ ಯಾಕಿಲ್ಲ ಎಂದು ಕೇಳಿದರು. ಸಂಘ ಬಿಟ್ಟದ್ದಷ್ಟೇ ಆರೋಪ, ಎಲೆ ಆರೋಪವಲ್ಲ ಎಂದೆ. ಮುಖ್ಯ ಮಾತನ್ನೇ ಬಿಟ್ಟು ಇದೆಂಥ ವಿಚಾರಣೆ ಎಂದು ಅವರಿಗೆ ಬೇಸರವಾಯಿತು.

ವಿಚಾರಣೆ ಕ್ಯಾಂಟೀನಿನಲ್ಲಿ ನಡೆಯಿತು. ಒಂದು ಕಡೆ ಫಿರ್ಯಾದಿಗೆ ಕುರ್ಚಿ, ಎದುರಿಗೆ ಚಾಚಾನಿಗೆ ಮತ್ತು ಅವರ ಪರ ಮಾತಾಡುವವರಿಗೆ ಎರಡು. ಸುತ್ತಲೂ ಜನ, ಮೂಲೆಯಲ್ಲಿ ಸಾವ್ಕಾರರು. ನಿಮ್ಮ ಪರ ಯಾರು ಮಾತಾಡುತ್ತಾರೆ ಎಂದು ಕೇಳಿದೆ. ಚಾಚಾ ತಿರುಗಿ ನೋಡಿದಾಗ ಎಲ್ಲರೂ ಒಮ್ಮೆಲೇ ಫ್ಯಾನು ನೋಡತೊಡಗಿದರು. ಅಧ್ಯಕ್ಷರ ವಿರುದ್ಧ ಬಾಯಿ ಬಿಡುವವರು ಅಲ್ಲಿ ಯಾರಿದ್ದರು?

ಚಾಚಾ ಎದುರಿನ ಕುರ್ಚಿಯಲ್ಲಿದ್ದ ಅಧ್ಯಕ್ಷರತ್ತಲೇ ಬೆರಳು ತೋರಿಸಿದರು. "ಇವರನ್ನ ಕೊಡ್ರಿ ಅಕ್ಕಾರ. ಕಾಯ್ದೆ ಗೊತ್ತಿರೋರು ಇವರೊಬ್ಬರ."

ತಾವು ಫಿರ್ಯಾದಿ ಎಂದು ಅಧ್ಯಕ್ಷರು ತಕರಾರು ತೆಗೆದರು. ಆದರೆ ಅವರೇ ಬರೆದು, ಅವರೇ ಓದಿ ಓದಿ ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ನಿಯಮವಿತ್ತು: ವಿಚಾರಣೆಯಲ್ಲಿ ಯಾವ ಕಾರ್ಮಿಕ ಕೇಳಿದರೂ ಅಧ್ಯಕ್ಷರು ಅವನ ಪರ ನಿಲ್ಲತಕ್ಕದ್ದು. ಹಿಂದಿನ ಸಾಲಿನಿಂದ ಯಾರೋ ಅದನ್ನು ರಾಗವಾಗಿ ಹೇಳಿದರು. ನನಗೂ ಏನು ಮಾಡಬೇಕೆಂದು ತಿಳಿಯದೆ, ಆಗಲಿ ಎಂದುಬಿಟ್ಟೆ.

ಅಧ್ಯಕ್ಷರು ಮೊದಲು ಫಿರ್ಯಾದಿಯ ಕುರ್ಚಿಯಲ್ಲಿ ಕೂತು, ಈ ಮನುಷ್ಯ ಎಲ್ಲರೆದುರು ಸಂಘ ಬಿಟ್ಟಿದ್ದಾನೆ ಎಂದು ಹೇಳಿದರು. ಆಮೇಲೆ ಎದ್ದು, ಅಂಗಿ ಸರಿಮಾಡಿಕೊಂಡು, ಚಾಚಾನ ಪಕ್ಕಕ್ಕೆ ಬಂದು ಕೂತರು. ಮುಖವೇ ಬೇರೆಯಾಯಿತು. ಖಾಲಿ ಕುರ್ಚಿಯನ್ನು ದಿಟ್ಟಿಸಿ ಕೇಳಿದರು, "ಫಿರ್ಯಾದುದಾರರ, ಬಿಟ್ಟೇನಿ ಅಂತ ಇವರು ಬರದು ಕೊಟ್ಟಾರೇನ್ರಿ?"

ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತು, ಇಲ್ಲ ಎಂದರು. ಮರಳಿ ಬಂದು, ಬರೆದು ಕೊಡಬೇಕೆಂಬ ನಿಯಮ ಇದೆಯೋ ಇಲ್ಲವೋ ಎಂದರು. ಅಲ್ಲಿ ಹೋಗಿ, ಇದೆ ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡರು. ಕಮಿಟಿ ಕೂತು ಮಂಜೂರು ಮಾಡಿತ್ತೇ? ಮಾಡಿರಲಿಲ್ಲ. ಓಡಾಡಿ ಓಡಾಡಿ ಬೆವತ ಅವರಿಗೆ ಯಾರೋ ನೀರು ಕೊಟ್ಟರು. ನಡುವೆ ಒಮ್ಮೆ ತಪ್ಪು ಕುರ್ಚಿಯಲ್ಲಿ ಕೂತು ತಪ್ಪು ಪ್ರಶ್ನೆ ಕೇಳಿ, ಅದನ್ನು ಬರೆದುಕೊಳ್ಳಬೇಡಿ ಎಂದು ನನ್ನನ್ನು ಕೇಳಿಕೊಂಡರು.

ಚಾಚಾನಿಗೆ ತಡೆಯಲಾಗಲಿಲ್ಲ. "ನಾ ಖರೇನ ಬಿಟ್ಟೇನ್ರಿ. ಬಾಯಿಲೆ ಹೇಳೇನಿ," ಎಂದರು.

"ಸುಮ್ನ ಕೂಡ್ರಿ ಚಾಚಾ," ಎಂದು ಅಧ್ಯಕ್ಷರು ಗದರಿದರು. "ನಿಮ್ಮ ಪರ ಮಾತಾಡಾಕತ್ತೇನಿ."

ಅಷ್ಟರಲ್ಲಿ ಅವರಿಗೆ ಫಿರ್ಯಾದಿಯ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು. ಖಾಲಿ ಕುರ್ಚಿಗೆ ಕೈ ಮಾಡಿ, ಸಣ್ಣ ಮಾತಿಗೆ ದುಡಿಯುವವನ ಹೊಟ್ಟೆಯ ಮೇಲೆ ಹೊಡೆಯುವವರು ಎಂಥವರು ಎಂದು ಕೇಳಿದರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಹುರುಪಿನಲ್ಲೇ ಸಾವ್ಕಾರರ ಕಡೆ ತಿರುಗಿ, ಈ ಮನುಷ್ಯನನ್ನು ಕೆಲಸದಿಂದ ತೆಗೆದರೆ ಹಣ್ಣು ತೊಳೆಯುವುದು ಬಂದ್ ಎಂದರು.

ತೆಗೆಯದಿದ್ದರೆ ಬಂದ್ ಎಂದಿದ್ದಿರಲ್ಲ ಎಂದು ಸಾವ್ಕಾರರು ಮೆತ್ತಗೆ ನೆನಪಿಸಿದರು.

"ಅದು ಆ ಕುರ್ಚ್ಯಾಗ ಕುಂತಾಗ," ಎಂದರು ಅಧ್ಯಕ್ಷರು.

ನಗು ತಡೆಯಲು ನಾನು ಪೆನ್ನು ಬೀಳಿಸಿ ಟೇಬಲ್ಲಿನ ಕೆಳಗೆ ಬಗ್ಗಿದೆ, ಮತ್ತು ಅಲ್ಲೇ ಸ್ವಲ್ಪ ಹೊತ್ತು ಇದ್ದೆ. ಎದ್ದು ಬಂದು ತೀರ್ಮಾನ ಹೇಳಿದೆ: ಬರವಣಿಗೆ ಇಲ್ಲ, ಮಂಜೂರಾತಿ ಇಲ್ಲ, ಆದ್ದರಿಂದ ಚಾಚಾ ಸಂಘ ಬಿಟ್ಟೇ ಇಲ್ಲ, ಕೆಲಸದಿಂದ ತೆಗೆಯುವಂತಿಲ್ಲ. ಅಧ್ಯಕ್ಷರು ಗೆದ್ದ ಖುಷಿಯಲ್ಲಿ ಚಾಚಾನನ್ನು ಅಪ್ಪಿಕೊಂಡರು. ಚಾಚಾ ಮಾತ್ರ, ತನ್ನನ್ನು ಕೇಳದೆ ಮತ್ತೆ ಸಂಘದೊಳಗೆ ನೂಕಿದರು ಎಂದು ಗೊಣಗುತ್ತ ಬಾಯ್ಲರ್ ಕಡೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಹಬೆ ಏರಿತ್ತು, ಗಾಡಿಗಳು ಒಳಗೆ ಬರುತ್ತಿದ್ದವು.

ವಿಚಾರಣೆಯ ವರದಿ ಕಳಿಸಿದ ಮೇಲೆ ವಕೀಲರ ಫೋನ್ ಬಂತು. ಎರಡೂ ಕಡೆ ಒಂದೇ ಹೆಸರಿದೆ, ಟೈಪಿಂಗ್ ತಪ್ಪು, ತಿದ್ದಿ ಕಳಿಸಿ ಎಂದರು. ತಪ್ಪಲ್ಲ ಎಂದೆ. ಅವರು ಎರಡೂ ಕಡೆಯ ಹೆಸರನ್ನು ನನ್ನಿಂದ ಮತ್ತೊಮ್ಮೆ ಓದಿಸಿಕೊಂಡರು.

ಅಧ್ಯಕ್ಷರ ಹೆಸರು ಮಾತ್ರ ಸುತ್ತೆಲ್ಲ ಹರಡಿತು. ಶಿಗ್ಗಾಂವಿಯ ಒಂದು ಅಕ್ಕಿ ಗಿರಣಿಯ ಕೆಲಸಗಾರರು ತಮ್ಮವನೊಬ್ಬನ ಪರ ಮಾತಾಡಲು ಅವರನ್ನು ಕಾರು ಮಾಡಿ ಕರೆದುಕೊಂಡು ಹೋದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದವರು ಸಂಜೆ ಬಸ್ಸಿನಲ್ಲಿ ವಾಪಸು ಬಂದರು. ಏನಾಯಿತೆಂದು ಕೇಳಿದೆ. ಸೋತರಂತೆ. ಎದುರಿನ ಕುರ್ಚಿಯಲ್ಲಿ ಬೇರೊಬ್ಬನು ಕೂತು, ಕೇಳಿದ್ದಕ್ಕೆಲ್ಲ ಎದುರುತ್ತರ ಕೊಡುತ್ತಿದ್ದನಂತೆ.