ಕಾಯಿ ಬಿಡದ ಗಿಡಕ್ಕೆ ನೀರು

"ಇವ್ಳು ಡಿಗ್ರಿ ಮಾಡೋದಾ? ಮಾಡುದ್ರೆ ನನ್ ಮೀಸೆ ಬೋಳುಸ್ತೀನಿ ಕಣಮ್ಮ" ಎಂದು ಅವ್ವನ ಮುಂದೆ ಸವಾಲು ಹಾಕಿದವರು ನಮ್ಮ ದೊಡ್ಡಪ್ಪ.

ಬಂಡೂರಿನ ಆಚೆಯ ನಮ್ಮ ಹಳ್ಳಿಯಿಂದ ಡಿಗ್ರಿಗೆಂದು ಮಂಡ್ಯಕ್ಕೆ ವಲಸೆ ಹೋದೆ; ಒಂದೂವರೆ ಗಂಟೆಯ ಬಸ್ಸು. ಇಷ್ಟಕ್ಕೆ ವಲಸೆ ಅನ್ನುತ್ತಾಳಲ್ಲ ಎಂದು ನೀವು ನಗಬಹುದು. ಹಾಸ್ಟೆಲ್ ಸಿಗದೆ ನಾನು ಬಾಡಿಗೆ ಕೋಣೆ ಹುಡುಕಿದಾಗ ಏಳು ಮನೆಯವರು "ನೀವು ಯಾರ ಪೈಕಿ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ಎಂಟನೆಯವರು ಒಬ್ಬ ನಿವೃತ್ತ ಟೀಚರ್. ಬಾಡು ಬೇಯಿಸಕೂಡದು ಎಂಬ ಷರತ್ತಿನ ಮೇಲೆ ಹಿಂದಿನ ಕೋಣೆ ಕೊಟ್ಟರು.

ಅವರ ಹಜಾರದಲ್ಲಿ, ಸೋಫಾದ ಪಕ್ಕ, ಕುಂಡದಲ್ಲಿ ಸೊಂಟದೆತ್ತರದ ತೆಂಗಿನಂಥ ಗಿಡ.

"ಕಾಯಿ ಯಾವಾಗ ಬಿಡ್ತದೆ ಮೇಡಂ?"

"ಇದು ಪಾರ್ಲರ್ ಪಾಮ್. ಕಾಯಿಗಲ್ಲಮ್ಮ, ಅಂದಕ್ಕೆ."

ನಮ್ಮಲ್ಲಿ ನಾಯಿಗೂ ಒಂದು ಕೆಲಸವಿದೆ.

ಕೊನೆಯ ವರ್ಷ ಟೀಚರ್ ಮಗಳ ಮನೆಗೆಂದು ಒಂದು ತಿಂಗಳು ಹೋದರು. ಗಿಡ ನನ್ನ ಪಾಲಿಗೆ ಬಂತು. ಪಾಪ, ಬಿಸಿಲನ್ನೇ ಕಂಡಿಲ್ಲವಲ್ಲ ಎಂದು ತಾರಸಿಗೆ ಹೊತ್ತೊಯ್ದೆ. ಕಬ್ಬಿನ ಗದ್ದೆಗೆ ನಾಲೆ ತಿರುಗಿಸುವವರ ಮಗಳು, ಕುಂಡ ತುಂಬಿ ನಿಲ್ಲುವಂತೆ ದಿನಾ ನೀರು ಹೊಯ್ದೆ. ಅವರು ಬರುವಷ್ಟರಲ್ಲಿ ಗರಿಗಳು ಕಬ್ಬಿನ ತರಗಾಗಿದ್ದವು.

"ಹಳ್ಳಿಯವರ ಕೈಗೆ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನ್ ಹೇಳೋಣ! ಬರೋ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಮ್ಮ."

ಪರೀಕ್ಷೆಗೆ ಎರಡೇ ತಿಂಗಳಿತ್ತು. ಕೋಣೆ ಹೋದರೆ ಊರಿಗೆ, ಊರಿಗೆ ಹೋದರೆ ಗೆಲುವು ದೊಡ್ಡಪ್ಪನ ಮೀಸೆಗೆ.

"ಗಿಡ ಬದುಕಿಸಿದರೆ?"

"ಬದುಕಲಿ, ಆಮೇಲೆ ನೋಡೋಣ."

ಮದ್ದೂರು ರಸ್ತೆಯ ನರ್ಸರಿಯವನು ಗಿಡ ನೋಡಿ ನಕ್ಕುಬಿಟ್ಟ. "ತೆಂಗು ಅಂದ್ಕಂಡ್ಯೇನಮ್ಮಿ? ಇದು ಕಾಡಲ್ಲಿ ದೊಡ್ ಮರದ್ ಕಾಲಡಿ ಬೆಳ್ಯೋದು. ಬೆಳಕಿರ್ಬೇಕು, ಬಿಸ್ಲು ತಾಗ್ಬಾರ್ದು. ಬೆರಳು ತೂರ್ಸು. ಮಣ್ಣು ಒಣಗಿದ್ರೆ ಮಾತ್ರ ನೀರುಯ್ಯಿ."

ಕೊಳೆತ ಬೇರು ಕತ್ತರಿಸಿದೆ. ತೆಂಗಿನ ನಾರಿನ ಪುಡಿ, ಮರಳು ಬೆರೆಸಿ ಮಣ್ಣು ಬದಲಿಸಿದೆ. ಬುಡ ಬಿಡಿಸುವಾಗ ಬೇರೆಯಾದ ಒಂದು ಪುಟ್ಟ ಸಸಿಯನ್ನು ಡಬ್ಬದಲ್ಲಿ ನೆಟ್ಟುಕೊಂಡೆ. ಎರಡನ್ನೂ ನನ್ನ ಕಿಟಕಿಯ ಪರದೆಯ ಹಿಂದಿಟ್ಟು, ಓದಿನ ನಡುವೆ ಎದ್ದೆದ್ದು ಬೆರಳು ತೂರಿಸುತ್ತಿದ್ದೆ. ಗಡುವಿಗೆ ನಾಲ್ಕು ದಿನವಿದೆ ಎನ್ನುವಾಗ ದೊಡ್ಡ ಗಿಡದ ನಡುವೆ ಮಡಿಸಿದ ಹಸಿರು ಸುಳಿ ಕಂಡಿತು.

ಟೀಚರ್ ಅದನ್ನು ಮುಟ್ಟಿ ನೋಡಿ, "ಸರಿ, ಇರು" ಎಂದರು. "ಹಳ್ಳಿಯವರ ಕೈಗೆ" ಎಂದದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಮರೆತಿಲ್ಲ.

ಡಿಗ್ರಿ ಸರ್ಟಿಫಿಕೇಟು, ಆ ಸಸಿ, ಎರಡನ್ನೂ ಹಿಡಿದು ಊರಿಗೆ ಹೋದೆ. ದೊಡ್ಡಪ್ಪ ಮೀಸೆ ತೀಡುತ್ತಾ ಜಗುಲಿಯ ಮೇಲೆ ಕೂತಿದ್ದರು. "ಕೆಲ್ಸ ಸಿಕ್ಕುದ್ಮೇಲೆ ಹೇಳು, ಆಗ ಬೋಳುಸ್ತೀನಿ."

ಸಸಿಗೆ ಜಾಗ ಹುಡುಕಿದೆ. ಅಂಗಳದಲ್ಲಿ ಸುಡು ಬಿಸಿಲು. ಸೂರಿನಡಿಯ ನೆರಳಿನಲ್ಲಿ ಕುರಿಗಳು; ಒಂದು ಆಗಲೇ ಗರಿಗೆ ಬಾಯಿ ಹಾಕಿತ್ತು. ಮನೆಯೊಳಗೆ ಕಿಟಕಿಯೇ ಇಲ್ಲ. ಇದೇ ಮನೆಯಲ್ಲಿ ನಾನು ಹದಿನೆಂಟು ವರ್ಷ ಹೇಗಿದ್ದೆ?

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಸರ್ಟಿಫಿಕೇಟು ತೆಗೆದುಕೊಂಡಳು. ಓದು ಬಾರದ ಅವಳು ಅದನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ನನ್ನ ಕೈಗೇ ವಾಪಸು ಕೊಟ್ಟಳು.

"ಇಲ್ಲಿ ಮಡಗ್ಬ್ಯಾಡ ಕಣವ್ವ. ಎಲ್ಡ್ನೂವೆ ಮಂಡ್ಯಕ್ಕೇ ತಕ್ಕಂಡೋಗು."