ಎಡ ಭುಜದ ಬೆಲ್ಟು

ಅವನ ನಿಜವಾದ ಹೆಸರು ಗ್ಯಾರೇಜಿನಲ್ಲಿ ಯಾರಿಗೂ ಬೇಕಿರಲಿಲ್ಲ. ಏನು ಕೇಳಿದರೂ 'ನೋಡೋಣ' ಎನ್ನುತ್ತಿದ್ದ. ತಂಡದ ರೇಸ್ ಕಾರು ಓಡಿಸುತ್ತಿದ್ದವಳು ಅವನ ತಂಗಿಯ ಮಗಳು. ಹಾಗಾಗಿ ಎಲ್ಲರಿಗೂ ಅವನು ನೋಡೋಣ ಮಾವ. ಊಟಕ್ಕೆ ಬರ್ತೀಯಾ ಎಂದರೆ ನೋಡೋಣ. ಈ ಟೈರು ಇನ್ನೊಂದು ರೇಸು ತಡೆಯುತ್ತಾ ಎಂದರೆ ನೋಡೋಣ. ಪ್ರಾಯದಲ್ಲಿ ಒಬ್ಬ ಹುಡುಗಿಯನ್ನು ತೋರಿಸಿ 'ಒಪ್ಪಿಗೇನಾ' ಎಂದು ಕೇಳಿದಾಗಲೂ ನೋಡೋಣ ಎಂದಿದ್ದ. ಅವನು ನೋಡಿ ಮುಗಿಸುವಷ್ಟರಲ್ಲಿ ಆಕೆಗೆ ಬೇರೆ ಕಡೆ ಮದುವೆಯಾಗಿ, ಮಗು ಶಾಲೆಗೆ ಹೋಗುತ್ತಿತ್ತು. ಅದಕ್ಕಾಗಿ ಅವನು ತಲೆ ಕೆಡಿಸಿಕೊಂಡವನಲ್ಲ. ತಂಗಿಯ ಮನೆಯ ಮೇಲಿನ ಕೋಣೆಯಲ್ಲಿ ಒಂದು ಮಂಚ, ಒಂದು ರೇಡಿಯೊ ಇಟ್ಟುಕೊಂಡು ಹಾಯಾಗಿದ್ದ.

ಬಾಯಿ ಹೀಗೆ ಅಡ್ಡಗೋಡೆಯ ಮೇಲಿನ ದೀಪವಾದರೂ ಕೈ ಮಾತ್ರ ಹಾಗಲ್ಲ. ಎಂಜಿನ್ನು, ಚಕ್ರ ಬೇರೆಯವರ ಪಾಲು. ಮಾವನದು ಸೀಟು ಮತ್ತು ಎರಡು ಭುಜಕ್ಕೂ ಒಂದೊಂದರಂತೆ ಬರುವ ಬೆಲ್ಟು. ರೇಸಿನ ಕಾರಿನಲ್ಲಿ ಓಡಿಸುವವರು ತಮ್ಮ ಬೆಲ್ಟನ್ನು ತಾವೇ ಬಿಗಿಯುವುದಿಲ್ಲ; ಅಷ್ಟು ಬಿಗಿ ಸ್ವಂತ ಕೈಗೆ ಬರುವುದಿಲ್ಲ. ಇನ್ನೊಬ್ಬರು ಬಾಗಿಲಿನಿಂದ ಬಗ್ಗಿ, ಮೊಣಕಾಲು ಊರಿ ಎಳೆಯಬೇಕು. ಹುಡುಗಿ ಚಿಕ್ಕವಳಿದ್ದಾಗ ಇದೇ ಗ್ಯಾರೇಜಿನ ಏಣಿಯಿಂದ ಬಿದ್ದು ಎಡಗಡೆ ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಆದರೆ ಕೂಡಿದ ಕಡೆ ಒಂದು ಗಂಟು ಉಳಿಯಿತು. ಅದಕ್ಕೇ ಮಾವ ಮೊದಲು ಬಲಗಡೆಯದನ್ನು ಎಳೆಯುತ್ತಿದ್ದ. ಆಮೇಲೆ ಎರಡು ಬೆರಳನ್ನು ಆ ಗಂಟಿಗೂ ಬೆಲ್ಟಿಗೂ ನಡುವೆ ತೂರಿಸಿ, 'ಉಸಿರು ಬಿಡು' ಎಂದು ಹೇಳಿ ಎಡಗಡೆಯದನ್ನು ಎಳೆದು, ಬೆರಳು ಜಾರಿಸಿಕೊಳ್ಳುತ್ತಿದ್ದ. ಆ ಹೊತ್ತಿಗೆ ಅವಳು ಕಣ್ಣು ಮುಚ್ಚಿ ರಸ್ತೆಯ ತಿರುವುಗಳನ್ನು ನೆನೆಸಿಕೊಳ್ಳುತ್ತಿರುತ್ತಿದ್ದಳು. ಮಾವ ಏನು ಮಾಡುತ್ತಾನೆ ಎಂದು ನೋಡಿದವಳೇ ಅಲ್ಲ.

ರಸ್ತೆಯ ಎದುರುಗಡೆಯ ಶೆಡ್ಡಿನ ಇನ್ನೊಂದು ತಂಡದವರು ತಮ್ಮ ಕಾರು ಓಡಿಸಲು ಅವಳನ್ನು ಕರೆದದ್ದು ಹಿಂದಿನ ರೇಸು ಮುಗಿದ ಮೇಲೆ. ಅವರದು ಹೊಸ ಕಾರು. ಈ ಗ್ಯಾರೇಜಿನ ಯಜಮಾನರು ಹಳೆಯ ಕಾರಿಗೆ ಬಣ್ಣ ಬಳಿಸುವುದರಲ್ಲಿ ತೋರಿಸುವ ಉತ್ಸಾಹವನ್ನು ಎಂಜಿನ್ನಿನ ವಿಷಯದಲ್ಲಿ ತೋರಿಸಿದವರಲ್ಲ. ಹುಡುಗಿ ಜೀವ ಒತ್ತೆಯಿಟ್ಟು ಓಡಿಸಿದರೂ ನಾಲ್ಕನೆಯ ಸ್ಥಾನಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಹಾಗೆಂದು ಅವಳನ್ನು ಸ್ಟಿಯರಿಂಗ್ ಹಿಂದೆ ಮೊದಲು ಕೂರಿಸಿದವರೂ ಅವರೇ. ಎದುರಿನವರು ಭಾನುವಾರದೊಳಗೆ ಉತ್ತರ ಬೇಕು ಎಂದಿದ್ದರು.

ಅಡುಗೆಮನೆಯಲ್ಲಿ ಅವಳು ಮಾವನ ಎದುರು ಕುರ್ಚಿ ಎಳೆದುಕೊಂಡು ಕೂತಳು. ತಾಯಿ ಪಾತ್ರೆ ಒರೆಸುತ್ತಾ ಕಿವಿ ಇಲ್ಲೇ ಇಟ್ಟಿದ್ದಳು.

"ಮಾವ, ನೀನು ಹೋಗು ಅಂದ್ರೆ ಹೋಗ್ತೀನಿ. ಬೇಡ ಅಂದ್ರೆ ಇಲ್ಲೇ ಇರ್ತೀನಿ. ಯಾವುದಾದ್ರೂ ಒಂದು ಹೇಳು."

ಮಾವ ಖಾಲಿ ಲೋಟವನ್ನು ತಿರುಗಿಸಿದ. "ನೋಡೋಣ."

"ಅಯ್ಯೋ ಅಣ್ಣಾ!" ತಾಯಿ ಬಟ್ಟೆಯನ್ನು ಮೇಜಿನ ಮೇಲೆ ಬಿಸಾಕಿದಳು. "ಜೀವಮಾನದಲ್ಲಿ ಒಂದ್ಸಲ ಬಾಯಿ ಬಿಟ್ಟು ಹೇಳಿದ್ರೆ ಮುತ್ತು ಉದುರುತ್ತಾ?"

ಉತ್ತರ ಅವನಿಗೆ ಗೊತ್ತಿತ್ತು. ಅವಳು ಹೋಗಬೇಕು. ಈ ಕಾರಿನಲ್ಲಿ ಕೂತರೆ ಅವಳ ಒಳ್ಳೆಯ ವರ್ಷಗಳು ನಾಲ್ಕನೆಯ ಸ್ಥಾನದಲ್ಲೇ ಸವೆದುಹೋಗುತ್ತವೆ. ಆದರೆ ಹೋಗು ಎಂದರೆ ಅವಳ ಹೆಗಲಿನ ಬೆಲ್ಟಿಗೆ ಇನ್ನೊಬ್ಬನ ಕೈ. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ನಿನ್ನ 'ನೋಡೋಣ' ನಿನ್ನ ಹತ್ರಾನೇ ಇರ್ಲಿ," ಎಂದಳು. ಮರುದಿನ ತನ್ನ ಹೆಲ್ಮೆಟ್ಟು ಎತ್ತಿಕೊಂಡು ರಸ್ತೆ ದಾಟಿದಳು. ಆಮೇಲೆ ಮನೆಯಲ್ಲಿ ಅವರಿಬ್ಬರ ನಡುವೆ 'ಊಟ ಆಯ್ತಾ', 'ಆಯ್ತು' ಬಿಟ್ಟರೆ ಮಾತಿಲ್ಲ.

ಎದುರಿನ ತಂಡದಲ್ಲಿ ಬೆಲ್ಟು ಬಿಗಿಯುವವನು ಒಬ್ಬ ಉದ್ದನೆಯ ಮನುಷ್ಯ, ಸಾಧು ಸ್ವಭಾವದವನು. ಒಂದು ಸಂಜೆ ಅಂಗಡಿಯಲ್ಲಿ ಸಿಕ್ಕವನು ತಾನಾಗಿಯೇ ಕೇಳಿದ.

"ಅಣ್ಣಾ, ನಿಮ್ಮ ಹುಡುಗಿಗೆ ಬೆಲ್ಟ್ ಹಾಕೋದ್ರಲ್ಲಿ ಏನಾದ್ರೂ ವಿಶೇಷ ಇದ್ಯಾ? ಕೇಳಿದ್ರೆ ಸರಿ ಇದೆ ಅಂತಾಳೆ. ಮುಖ ನೋಡಿದ್ರೆ ಕಿವುಚಿಕೊಂಡಿರ್ತಾಳೆ. ಸಡಿಲ ಬಿಟ್ರೆ ನನಗೆ ಭಯ."

"ನೋಡೋಣ," ಎಂದ ಮಾವ, ಚಿಲ್ಲರೆ ಜೇಬಿಗೆ ಹಾಕಿಕೊಂಡು ನಡೆದ. ಇದು ಅವನ ಹಳೆಯ ನೋಡೋಣ ಅಲ್ಲ, ಶುದ್ಧ ಹೊಟ್ಟೆಕಿಚ್ಚು. ಪರದಾಡಲಿ, ಗೊತ್ತಾಗುತ್ತೆ ಎಂಬ ಸಣ್ಣತನ. ಮನೆ ಮುಟ್ಟುವಷ್ಟರಲ್ಲಿ ಅವನಿಗೇ ನಾಚಿಕೆಯಾಯಿತು. ವಾಪಸು ಹೋಗಿ ಹೇಳುವಷ್ಟು ಮಾತ್ರ ಆಗಲಿಲ್ಲ.

ರೇಸಿನ ದಿನ ಬಂತು. ನಡುವೆ ಎಲ್ಲ ಕಾರುಗಳೂ ಒಮ್ಮೆ ಪಿಟ್ಟಿಗೆ, ಅಂದರೆ ತಂಡಗಳು ಸಾಲಾಗಿ ನಿಂತಿರುವ ಓಣಿಗೆ, ಬಂದು ಟೈರು ಬದಲಿಸಿಕೊಂಡು ಹೋಗಬೇಕು. ಟೈರು ಬದಲಾಗುವಷ್ಟರಲ್ಲಿ ಬೆಲ್ಟಿನವನು ಕೈ ಹಾಕಿ ಇನ್ನೊಮ್ಮೆ ಎಳೆಯುತ್ತಾನೆ. ಹಳೆಯ ತಂಡದ ಜಾಗ ಮೊದಲು, ಹೊಸಬರದು ಅದರ ಮುಂದಿನದು. ಹುಡುಗಿ ಎರಡನೆಯ ಸ್ಥಾನದಲ್ಲಿ ಓಡುತ್ತಿದ್ದಳು. ಓಣಿಗೆ ತಿರುಗಿದಳು, ನೇರವಾಗಿ ಬಂದಳು, ಮಾವನ ಎದುರಿಗೇ ಗಕ್ಕನೆ ನಿಲ್ಲಿಸಿದಳು.

ವರ್ಷಗಟ್ಟಲೆ ನಿಲ್ಲಿಸಿದ ಜಾಗ; ಕಾಲು ತಾನಾಗಿ ಬ್ರೇಕು ಒತ್ತಿತ್ತು. ಯಾರೋ ಹೋ ಎಂದು ನಕ್ಕರು. ಮಾವ ನಗಲಿಲ್ಲ. ಆಗಲೇ ಅವನು ಬಗ್ಗಿಯಾಗಿತ್ತು. ಎಡಗಡೆಯ ಬೆಲ್ಟು ಗಂಟಿನಿಂದ ಜಾರಿ ತೋಳಿನ ಕಡೆ ಸಡಿಲವಾಗಿ ಬಿದ್ದಿತ್ತು. ಉದ್ದನೆಯವನು ಅವಳಿಗೆ ನೋವಾಗದಿರಲಿ ಎಂದು ಬಿಟ್ಟದ್ದು. ಮಾವನ ಕೈ ಕಿಟಕಿಯ ತನಕ ಹೋಯಿತು. ಒಂದು ತಂಡದ ಕಾರನ್ನು ಇನ್ನೊಂದು ತಂಡದವರು ಮುಟ್ಟಿದರೆ ಆ ಕಾರು ರೇಸಿನಿಂದಲೇ ಹೊರಗೆ. ನಿಯಮ ಅವನಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಿಂದಕ್ಕೆ ಎಳೆದುಕೊಂಡು, ಎರಡೂ ಕೈಯನ್ನು ಬೆನ್ನ ಹಿಂದೆ ಒಂದರಲ್ಲೊಂದು ಹಿಡಿದು ನಿಂತ.

ಅವಳು ಹೆಲ್ಮೆಟ್ಟಿನೊಳಗಿಂದ ಅವನನ್ನೇ ನೋಡುತ್ತಿದ್ದಳು.

"ಹೋಗು!" ಎಂದು ಕೂಗಿದ. "ನಿನ್ನ ಜಾಗ ಅಲ್ಲಿ! ಹೋಗು!"

ಅವನ ಗಂಟಲಿನಲ್ಲಿ ಅಷ್ಟು ದನಿ ಇದೆಯೆಂದು ತಂಡದವರಿಗೆ ಗೊತ್ತಾದದ್ದು ಅವತ್ತೇ. ಕಾರು ಮುಂದಕ್ಕೆ ಚಿಮ್ಮಿತು.

ತಪ್ಪು ಜಾಗದಲ್ಲಿ ನಿಂತು ಹೊತ್ತು ಕಳೆದಿದ್ದರಿಂದ, ರೇಸು ಮುಗಿದಾಗ ಅವಳು ನಾಲ್ಕನೆಯವಳು. ಮಾವ ಕೈ ಒರೆಸಿಕೊಂಡು ಮೊದಲ ಬಾರಿಗೆ ಆ ಹೊಸಬರ ಜಾಗಕ್ಕೆ ಹೋದ. ಅವಳು ಒಂದು ಟೈರಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು.

"ಕಾರಲ್ಲಿ ಕೂತ್ಕೋ," ಎಂದ.

ಅವಳು ಕೂತಳು. ಮಾವ ತಾನು ಬಗ್ಗಲಿಲ್ಲ. ಉದ್ದನೆಯವನ ಕೈ ಹಿಡಿದು, ಅವನ ಎರಡು ಬೆರಳನ್ನು ಬೆಲ್ಟಿನಡಿ ಆ ಗಂಟಿನ ಮೇಲೆ ಇಟ್ಟ. "ಮೊದಲು ಬಲಗಡೆ ಎಳಿ. ಆಮೇಲೆ ಬೆರಳು ಇಲ್ಲಿಡು. ಉಸಿರು ಬಿಡೋಕೆ ಹೇಳು, ಆಮೇಲೆ ಇದು. ಮೊನ್ನೆ ಅಂಗಡೀಲೇ ಹೇಳ್ಬೇಕಿತ್ತು."

"ಉಸಿರು ಬಿಡಮ್ಮ," ಎಂದ ಉದ್ದನೆಯವನು.

ಅವಳು ಕಣ್ಣು ಮುಚ್ಚಿರಲಿಲ್ಲ. ತನ್ನ ಭುಜದ ಮೇಲಿನ ಆ ಬೆರಳುಗಳನ್ನು ನೋಡಿದಳು, ಮಾವನನ್ನು ನೋಡಿದಳು. ಉಸಿರು ಬಿಡಲಿಲ್ಲ.

"ಅವನು ಹೇಳಿದ್ನಲ್ಲ," ಎಂದ ಮಾವ. ಆಗ ಉಸಿರು ಬಿಟ್ಟಳು.