ಅಜ್ಜಿ ಹಂಗಂದಿರ್ಲಿಲ್ಲ

ಹದಿಮೂರು ಹದಿನಾಲ್ಕು ವಯಸ್ಸಿನವರಿಗೆಂದು ಕತೆ ಬರೆಯುತ್ತೇನೆ ಎಂದರೆ ಆಗ ಚಳ್ಳಕೆರೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನರಿ, ಮೊಲ, ರಾಜಕುಮಾರಿ ಇದ್ದರೆ ಮಕ್ಕಳ ಕತೆ. ಗಂಡ ಹೆಂಡತಿ ಜಗಳ ಇದ್ದರೆ ದೊಡ್ಡವರ ಕತೆ. ನಡುವೆ ಇನ್ನೊಂದು ವಯಸ್ಸಿದೆ, ಅದಕ್ಕೂ ಓದಲು ಏನಾದರೂ ಬೇಕು ಎಂದು ಊರಿನ ಸಾಹಿತ್ಯ ಬಳಗದಲ್ಲಿ ನಾನು ಎದ್ದು ನಿಂತು ಹೇಳಿದಾಗ ಮುಂದಿನ ಸಾಲಿನ ಒಬ್ಬರು ಗೊಳ್ಳೆಂದು ನಕ್ಕು, "ಮದ್ವಿ ಆದ್ಮೇಲೆ ಸರಿಹೋಗ್ತೀಯ ಬಿಡಮ್ಮ" ಎಂದರು. ಮೈಯೆಲ್ಲ ಉರಿದುಹೋಯಿತು. ಈಗ ಅದೇ ಜನ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಶಾಲು ಬೀರುವಿನಲ್ಲಿದೆ, ಸಿಟ್ಟು ಇದ್ದಲ್ಲೇ ಇದೆ.

ಆಗ ನಾನು ದೇವಸಮುದ್ರದ ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ನನ್ನ ಬಸ್ಸು ಬರುವವರೆಗೆ, ಏಳೆಂಟು ಹುಡುಗಿಯರನ್ನು ಕೂರಿಸಿಕೊಂಡು ಬರೆದದ್ದನ್ನು ಓದಿ ಹೇಳುತ್ತಿದ್ದೆ. ದಾಕ್ಷಿಣ್ಯ ಎಂಬುದು ಅವರ ಹತ್ತಿರ ಸುಳಿದಿರಲಿಲ್ಲ. "ಇದು ಸುಳ್ಳು ಟೀಚರ್, ಹಿಂಗೆಲ್ಲ ಯಾರೂ ಅಳಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ನನಗೆ ಬಳಗ ಅಂತ ಇದ್ದದ್ದು ಅವರೇ. ಆಮೇಲೆ ಬಂದ ನನ್ನ ಪುಸ್ತಕಗಳನ್ನೆಲ್ಲ ಮೊದಲು ಓದಿ ಬೈದದ್ದು ಆ ಶನಿವಾರದ ಗುಂಪು.

ಅವರಲ್ಲಿ ಒಬ್ಬಳು ಒಂಬತ್ತನೇ ತರಗತಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೈನೆರೆದ ಮೇಲೆ ಅಪ್ಪ ಶಾಲೆ ಬಿಡಿಸಿದ್ದರು. ಅಜ್ಜಿ ಮಗನ ಜೊತೆ ಜಗಳವಾಡಿ ಮತ್ತೆ ಕಳಿಸಿದ್ದಳು. ಅವಳು ಮೈನೆರೆದ ದಿನ ಆ ಅಜ್ಜಿ ಬೀದಿಗೆಲ್ಲ ಸಕ್ಕರೆ ಹಂಚಿ, "ಮಾ ಪಾಪ ಪೆದ್ದಮನಿಷಿ ಅಯಿಂದಿ" ಎಂದಿದ್ದಳಂತೆ. ನಮ್ಮ ಕೂಸು ದೊಡ್ಡ ಮನುಷ್ಯಳಾದಳು ಎಂದು. ತೆಲುಗಿನಲ್ಲಿ ಊರಿನ ಹಿರಿಯನಿಗೆ ಹೇಳುವ ಮಾತೇ ಮೈನೆರೆದ ಹುಡುಗಿಗೂ. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮವ್ವ ನನ್ನನ್ನು ಮೂಲೆಯಲ್ಲಿ ಕೂರಿಸಿ "ಯಾರಿಗೂ ಹೇಳ್ಬ್ಯಾಡ" ಎಂದಿದ್ದಳು, ಅಷ್ಟೇ. ಇದನ್ನು ಕತೆ ಮಾಡಲೇ ಎಂದು ಕೇಳಿದೆ.

"ನನ್ನ ಹೆಸ್ರು ಬ್ಯಾಡ ಟೀಚರ್. ನಮ್ಮಜ್ಜಿ ಮಾತು ಮಾತ್ರ ಹಂಗೇ ಇರ್ಬೇಕು" ಎಂದಳು. ಆಗಲಿ ಎಂದು ಮಾತು ಕೊಟ್ಟೆ.

ಆ ಕತೆ ನನ್ನ ಮೊದಲ ಪುಸ್ತಕಕ್ಕೆ ಸೇರಿತು. ಚಳ್ಳಕೆರೆಯ ಬಳಗವೇ ಅಚ್ಚು ಹಾಕಿಸಿತು. ಕರಡು ತಿದ್ದಿದವರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ತಿದ್ದಿದ್ದನ್ನು ನನಗೆ ತೋರಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಪುಸ್ತಕದ ಕಟ್ಟು ಬಂದ ಶನಿವಾರ ಹುಡುಗಿಯರೇ ದಾರ ಬಿಚ್ಚಿದರು. ಅವಳು ತನ್ನ ಕತೆಯ ಪುಟ ಹುಡುಕಿ ಗಟ್ಟಿಯಾಗಿ ಓದತೊಡಗಿದಳು. ಅಲ್ಲಿ ಹೀಗಿತ್ತು: 'ನಮ್ಮ ಕೂಸು ದಡ್ಡಿಯಾದಳು ಎಂದು ಅಜ್ಜಿ ಸಂತೋಷದಿಂದ ಬೀದಿಗೆಲ್ಲ ಸಕ್ಕರೆ ಹಂಚಿದಳು.'

ಯಾರೋ ಕಿಸಕ್ಕೆಂದು ನಕ್ಕರು. ಅವಳು ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟು, "ನಮ್ಮಜ್ಜಿ ಹಂಗಂದಿರ್ಲಿಲ್ಲ ಟೀಚರ್" ಎಂದು ಹೇಳಿ ಹೊರಟುಹೋದಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ತರಗತಿಯಲ್ಲಿ ಕೂರುತ್ತಿದ್ದಳು, ಹಾಜರಿ ಕರೆದರೆ ಓಗೊಡುತ್ತಿದ್ದಳು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಅವಳೇ ಓದದಿದ್ದರೆ ನಾನು ಇನ್ನು ಯಾರಿಗೆಂದು ಬರೆಯಬೇಕು?

ಭಾನುವಾರ ಚಳ್ಳಕೆರೆಗೆ ಹೋಗಿ ಮೇಷ್ಟ್ರ ಮನೆಯಲ್ಲಿ ಪುಸ್ತಕ ತೆರೆದು ಅವರ ಮುಂದೆ ಹಿಡಿದೆ.

"ಪೆದ್ದ ಅಂದ್ರೆ ದಡ್ಡ ಅಲ್ವೇನಮ್ಮ? ಐತೆ ಅನ್ನೋದನ್ನೆಲ್ಲ ಇದೆ ಮಾಡ್ದಂಗೆ ಇದನ್ನೂ ಶುದ್ಧ ಮಾಡ್ದೆ. ನಂಗೆ ತೆಲುಗು ಎಲ್ಲಿ ಬರ್ತೈತೆ?"

"ಮೊಮ್ಮಗ್ಳು ದಡ್ಡಿಯಾದ್ಲು ಅಂತ ಯಾವ ಅಜ್ಜಿ ಸಕ್ಕರೆ ಹಂಚ್ತಾಳೆ ಸಾರ್?"

ಅವರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ಮುದಿ ತಾಯಿ ಕೂಗಿದರು. "ರಾರಾ, ಅನ್ನಂ ಚಲ್ಲಾರಿಪೋತುಂದಿ." ಅನ್ನ ಆರಿಹೋಗುತ್ತಿದೆ ಬಾರೋ ಎಂದು.

"ವಸ್ತುಂಡಾನಮ್ಮಾ" ಎಂದುಬಿಟ್ಟರು ಮೇಷ್ಟ್ರು, ಬಂದೆನಮ್ಮಾ ಎಂದು, ಅಚ್ಚ ತೆಲುಗಿನಲ್ಲಿ.

ನಾನು ಅವರನ್ನೇ ನೋಡುತ್ತ ನಿಂತೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಅಂಥಾ ವಿಷ್ಯ ಪುಸ್ತಕದಾಗೆ ಯಾಕಮ್ಮ? ಹೆಣ್ಮಕ್ಳು ಓದ್ತಾರೆ."

"ಹೆಣ್ಮಕ್ಳಿಗೇ ಬರ್ದಿದ್ದು ಸಾರ್."

ಮೇಷ್ಟ್ರಿಗೆ ಸಿಟ್ಟು ಬಂತು. ಒಳಗೆ ಹೋಗಿ ನನ್ನ ಹಸ್ತಪ್ರತಿ ತಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ನೀನೇ ಏನ್ ಬರ್ದಿದ್ದೀಯ ನೋಡು."

'ನಮ್ಮ ಕೂಸು ಪೆದ್ದ ಮನುಷ್ಯಳಾದಳು' ಎಂದಿತ್ತು, ನನ್ನದೇ ಅಕ್ಷರ. ತೆಲುಗು ಹಾಗೇ ಇಟ್ಟರೆ ಬಳಗದವರು ನಗುತ್ತಾರೆಂದು ಹೆದರಿ, ಅಚ್ಚಿಗೆ ಕೊಡುವಾಗ ನಾನೇ ಅಜ್ಜಿಯ ಮಾತನ್ನು ಅರ್ಧ ಕನ್ನಡ ಮಾಡಿದ್ದೆ. ಉಳಿದ ಅರ್ಧವನ್ನು ಮೇಷ್ಟ್ರು ಮಾಡಿದ್ದರು. ಅವರು ಬೇಕೆಂದೇ ಮಾಡಿದ್ದು, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಮಾತು ಕೊಟ್ಟು ತಪ್ಪಿದವಳು ನಾನು. ವಾಪಸ್ಸು ಬರುವಾಗ ಯಾರನ್ನು ಬೈಯಬೇಕೋ ತಿಳಿಯದೆ ಬಸ್ಸಿನ ಕಂಡಕ್ಟರ್ ಜೊತೆ ಜಗಳವಾಡಿದೆ.

ಸೋಮವಾರ ಅವಳನ್ನು ನಿಲ್ಲಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ, ಮೇಷ್ಟ್ರ ತಾಯಿ ಕೂಗಿದ್ದನ್ನೂ. "ಮೊದ್ಲು ಕೆಡ್ಸಿದ್ದು ನಾನೇ. ಶನಿವಾರ ಎಲ್ಲಾ ಪುಸ್ತಕ ಪೆನ್ನಲ್ಲಿ ತಿದ್ತೀವಿ. ಬರ್ತೀಯಾ?" ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಶನಿವಾರ ಉಳಿದವರು ಪೆನ್ನು ಹಿಡಿದು ಕೂತರು. ನೋಡಿಕೊಂಡು ಬರೆಯಲೆಂದು ಸಾಲನ್ನು ಬೋರ್ಡಿನ ಮೇಲೆ ಬರೆದೆ: 'ಮಾ ಪಾಪ ಪೆದ್ದಮನುಷಿ ಅಯಿಂದಿ.'

"ಮನುಷಿ ಅಲ್ಲ ಟೀಚರ್, ಮನಿಷಿ." ಬಾಗಿಲಲ್ಲಿ ಅವಳು ನಿಂತಿದ್ದಳು. ನೇರ ಒಳಗೆ ಬಂದು, ನನ್ನ ಕೈಯಿಂದ ಡಸ್ಟರ್ ತೆಗೆದುಕೊಂಡು ನನ್ನ ತಪ್ಪು ಒರೆಸಿ ಸರಿಮಾಡಿದಳು. ನನಗಾದ ಖುಷಿ ತೋರಿಸಿಕೊಳ್ಳಬಾರದೆಂದು ಎಲ್ಲರನ್ನೂ ಗದರಿಸಿ ಕೆಲಸಕ್ಕೆ ಹಚ್ಚಿದೆ. ನನ್ನ ಬಸ್ಸು ಬಂದು ಹೋಯಿತು.

ಕಟ್ಟು ಮುಗಿಯುತ್ತ ಬಂದಾಗ ಅವಳು, "ಆ ಮೇಷ್ಟ್ರಿಗೆ ಒಂದು ಕಳಿಸ್ರಿ ಟೀಚರ್. ಅದನ್ನ ನಾನೇ ತಿದ್ತೀನಿ" ಎಂದಳು. 'ದಡ್ಡಿಯಾದಳು' ಎಂಬುದನ್ನು ಹೊಡೆದುಹಾಕಿ ಮೇಲೆ ಅಜ್ಜಿಯ ಮಾತು ಬರೆದಳು. ಆಮೇಲೆ ಸ್ವಲ್ಪ ಯೋಚಿಸಿ, ಪುಟದ ಕೆಳಗೆ ಇನ್ನೊಂದು ಸಾಲು ಬರೆದಳು: 'ಅರ್ಥ ಗೊತ್ತಾಗದಿದ್ರೆ ನಿಮ್ಮವ್ವನ್ನ ಕೇಳ್ರಿ.'

ನಾನು ಒಂದಕ್ಷರವನ್ನೂ ತಿದ್ದದೆ ಅಂಚೆಗೆ ಹಾಕಿದೆ.